ಬಳ್ಳಾರಿಯ ಮಿಷನ್ ಅಚ್ಚುಕೂಟ

ಈಗ ಆಂಧ್ರದಲ್ಲಿರುವ ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವೇ. ಗಡಿ ಬದಲಾದರೂ ಇಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡವಾಗಿಯೇ ಉಳಿದಿದೆ. ಈ ಸೀಮೆಯಲ್ಲಿ ಕ್ರೈಸ್ತ ಸಭೆಯ ಮಾತು ಹೇಗೆ ಕನ್ನಡವಾಯಿತು ಎಂದು ತಿಳಿಯಬೇಕಾದರೆ ಬಳ್ಳಾರಿಯ ಲಂಡನ್ ಮಿಷನ್ನಿಗೆ, ಅದರ ಅಚ್ಚುಕೂಟಕ್ಕೆ ಹೋಗಬೇಕು.

ಈ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ನಿಜಾಮರು ಈ ದತ್ತ ಮಂಡಲವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು ಆಗ ಹತ್ತು ವರ್ಷವಷ್ಟೇ. ಪಾದ್ರಿಗಳೆಂದರೆ ಕಂಪನಿ ಸರ್ಕಾರಕ್ಕೂ ಅನುಮಾನ. ಪಾರ್ಲಿಮೆಂಟು ಅವರಿಗೆ ದಾರಿ ಬಿಟ್ಟದ್ದು 1813ರ ಸನದಿನಲ್ಲಿ. ಹ್ಯಾಂಡ್ಸ್ ಕನ್ನಡ ಕಲಿತರು, ಶಾಲೆ ತೆರೆದರು, ಬೈಬಲ್ ಅನುವಾದಕ್ಕೆ ಕೂತರು.

ಮಧ್ಯಯುಗದ ಆರಂಭದ ಯೂರೋಪಿನಲ್ಲಿ ಕ್ರೈಸ್ತ ಮತ ಹರಡಿದ ಬಗೆಯೇ ಬೇರೆ. ಅಲ್ಲಿ ಹಲವೆಡೆ ಮೊದಲು ದೀಕ್ಷಾಸ್ನಾನ ಪಡೆದವನು ದೊರೆ. 500ರ ಆಸುಪಾಸಿನಲ್ಲಿ ಫ್ರಾಂಕರ ಕ್ಲೋವಿಸ್ ಕ್ರೈಸ್ತನಾದ. ಪೋಪ್ ಗ್ರೆಗೊರಿ ಕಳುಹಿಸಿದ ಅಗಸ್ಟೀನ್ 597ರಲ್ಲಿ ಇಂಗ್ಲೆಂಡಿನ ಕೆಂಟ್‌ಗೆ ಬಂದಿಳಿದಾಗ ಅರಸ ಎಥೆಲ್ಬರ್ಟ್ ಜಾಗ ಕೊಟ್ಟು ಆಮೇಲೆ ತಾನೂ ಒಪ್ಪಿಕೊಂಡ. ಗ್ರಂಥವೋ, ಲ್ಯಾಟಿನ್‌ನಲ್ಲಿ ಮಠದೊಳಗಿತ್ತು. 700ರ ಸುಮಾರಿಗೆ ಇಂಗ್ಲೆಂಡಿನ ಜಾರೋ ಮಠದ ಸನ್ಯಾಸಿಗಳು ಬರೆದ ಒಂದು ಬೈಬಲ್ಲಿಗೆ ಸುಮಾರು 500 ಕರುಗಳ ಚರ್ಮ ಬೇಕಾಯಿತು; ಸಾವಿರಕ್ಕೂ ಮಿಕ್ಕ ಹಾಳೆ, ಒಬ್ಬರಿಂದ ಎತ್ತಲೂ ಕಷ್ಟ. ಅಂಥ ಪುಸ್ತಕ ರೈತನ ಕೈಗೆ ಬರುವ ಮಾತೇ ಇಲ್ಲ. ಉಪದೇಶವನ್ನಾದರೂ ಜನರ ಆಡುಮಾತಿನಲ್ಲಿ ಮಾಡಿ ಎಂದು 813ರಲ್ಲಿ ಟೂರ್ಸ್ ಧರ್ಮಸಭೆ ಹೇಳಬೇಕಾಯಿತು. ನನಗೆ ಆ ಕಾಲದ ಅತಿ ವಿವೇಕದ ತೀರ್ಮಾನವೆಂದರೆ ಇದೇ.

ಬಳ್ಳಾರಿಯಲ್ಲಿ ಕೆಲಸ ಶುರುವಾದದ್ದೇ ಜನರ ಆಡುಮಾತಿನ ತುದಿಯಿಂದ. ಕನ್ನಡಕ್ಕೆ ಅಚ್ಚುಮೊಳೆ ಜೋಡಿಸುವುದು ಸುಲಭದ ಕೆಲಸವಲ್ಲ. ಅಕ್ಷರಕ್ಕೊಂದು ಮೊಳೆಯಾದರೆ ಸಾಲದು. ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ‘ಸ್ತೋತ್ರ’ ಎಂಬ ಎರಡಕ್ಷರದ ಪದದಲ್ಲೇ ಸೋ, ಅದರಡಿ ತ ಒತ್ತು, ತ, ಅದರಡಿ ರ ಒತ್ತು. ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಜೋಡಿಸಬೇಕು. ಒಂದು ಒತ್ತು ತಪ್ಪಿದರೆ ಅರ್ಥವೇ ಕೆಟ್ಟಿತು. ಸಾಲು ಸಾಲಾಗಿ ಹೀಗೆ ದುಡಿದು 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ಹ್ಯಾಂಡ್ಸ್ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1832ರಲ್ಲಿ. ಮೊಳೆ ಜೋಡಿಸಿದ ಕೈಗಳ ಹೆಸರು ಯಾವ ಮುಖಪುಟದಲ್ಲೂ ಇಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಮತ ಯಾವುದೇ ಇರಲಿ, ಈ ಅಚ್ಚುಕೂಟದ ಕೆಲಸ ಕನ್ನಡದ ಆಸ್ತಿ. ಆದೋನಿ ಸೀಮೆಯ ಕನ್ನಡ ಶಾಲೆಗಳ ಮಕ್ಕಳಿಗೂ ಇದರಲ್ಲಿ ಪಾಲಿದೆ, ಇದನ್ನು ಅವರಿಗೆ ಪಾಠ ಮಾಡಲೇಬೇಕು. ಆ ಕೆಲಸ ಬೈಬಲ್ಲಿಗೇ ನಿಲ್ಲಲಿಲ್ಲ. ಪಾದ್ರಿ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ‘ಮಂಗಳೂರ ಸಮಾಚಾರ’ ಅಲ್ಲಿ ಕಲ್ಲಚ್ಚಿನಲ್ಲಿ ಬರುತ್ತಿತ್ತು. ಸೀಸದ ಮೊಳೆಯ ಅಚ್ಚು ಬೇಕೆನಿಸಿದಾಗ ಅವರು ನೆಚ್ಚಿಕೊಂಡದ್ದು ಬಳ್ಳಾರಿಯನ್ನೇ. 1844ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಈ ಅಚ್ಚುಕೂಟದಿಂದ ಹೊರಬರತೊಡಗಿತು.