ಹನ್ನೊಂದು ತಿಂಗಳು ತಕ್ಕಡಿ, ಒಂದು ತಿಂಗಳು ಬಂದೂಕು

ಮಾಮೂಲ್‌ಪೇಟೆಯ ಗಲ್ಲಿಗಳಲ್ಲಿ ಆಟದ ಬಂದೂಕು ಡಜನ್ ಲೆಕ್ಕದಲ್ಲಿ ಮಾರಾಟವಾಗುತ್ತೆ. ಇದೇ ಊರಿನಲ್ಲಿ ಅಂಗಡಿಗೆ, ಆಫೀಸಿಗೆ, ಬ್ಯಾಂಕಿಗೆ ರಜೆ ಹಾಕಿ, ನಿಜವಾದ ಬಂದೂಕು ಹಿಡಿಯೋಕೆ ಹೋಗಿಬರುವ ಗೃಹಸ್ಥರೂ ಇದ್ದಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಮಾರ್ಕೆಟ್ ಬಸ್ಸಿನಲ್ಲಿ ನಿಮ್ಮ ಪಕ್ಕ ಟಿಫನ್ ಡಬ್ಬಿ ಹಿಡಿದು ಜೋತಾಡುತ್ತಾ ನಿಂತವನೇ ಅಂಥವನೊಬ್ಬ ಇರಬಹುದು. ನೋಡಿದರೆ ಗುರುತು ಸಿಗೋದಿಲ್ಲ.

ಇವರ ಪಡೆಗೆ ಟೆರಿಟೋರಿಯಲ್ ಆರ್ಮಿ ಅಂತ ಹೆಸರು. ಕನ್ನಡದಲ್ಲಿ ಪ್ರಾದೇಶಿಕ ಸೇನೆ. 1948ರಲ್ಲಿ ಕಾಯಿದೆ ಆಯಿತು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಇದನ್ನು ಉದ್ಘಾಟಿಸಿದರು. ಅದೇ ರಾಜಾಜಿ, ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು! ಈ ಸೇನೆ ಸೇರೋಕೆ ಇರುವ ಷರತ್ತು ಸ್ವಲ್ಪ ತಮಾಷೆಯದು. ಕೆಲಸವಿಲ್ಲದವನಿಗೆ ಕೆಲಸ ಕೊಡೋದಕ್ಕಲ್ಲ ಇದು. ಮೊದಲೇ ಒಂದು ನೌಕರಿಯೋ ವ್ಯಾಪಾರವೋ ಇರಬೇಕು. ಅದನ್ನು ಬಿಡದೇ ಸಿಪಾಯಿಯೂ ಆಗಬೇಕು.

ನಗರದ ಘಟಕಗಳಿಗೆ ವರ್ಷಕ್ಕೆ 30 ದಿನದ ತರಬೇತಿ. ಅದರಲ್ಲಿ 14 ದಿನ ಒಟ್ಟಿಗೇ ಕ್ಯಾಂಪು, ಮಿಕ್ಕಿದ್ದು ರಜಾ ದಿನಗಳಲ್ಲಿ. ಪ್ರಾಂತೀಯ ಘಟಕಗಳಿಗಾದರೆ ಎರಡು ತಿಂಗಳು. ಆ ದಿನಗಳಿಗೆ ಸೈನ್ಯದವರಿಗೆ ಸಿಗುವ ಸಂಬಳ, ಭತ್ಯ ಇವರಿಗೂ ಸಿಗುತ್ತೆ. ಬೆಂಗಳೂರಿನಲ್ಲೇ ನೆಲೆ ಇರುವ 106ನೇ ಪ್ಯಾರಾ ಬೆಟಾಲಿಯನ್ ಈ ಸೇನೆಗೆ ಸೇರಿದ್ದು. ಕ್ರಿಕೆಟಿಗ ಧೋನಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟರಲ್ಲ, 2019ರಲ್ಲಿ ಅವರು ಎರಡು ವಾರ ಕಾಶ್ಮೀರದಲ್ಲಿ ಡ್ಯೂಟಿ ಮಾಡಿದ್ದು ಇದೇ ಬೆಟಾಲಿಯನ್ ಜೊತೆ.

ಏನಪ್ಪಾ, ಇನ್ನೂ ಬದುಕಿದ್ದೀಯಾ?

ದೊಡ್ಡವರ ಮಾತು ಬಿಡಿ. ಕ್ಯಾಂಪಿನ ನಿಜವಾದ ಸೊಗಸು ಇರೋದು ಮೊದಲ ಸಂಜೆಯಲ್ಲಿ. ಒಬ್ಬ ರೈಲಿನಲ್ಲಿ ಬಂದ, ಒಬ್ಬ ಹಾಸನದ ಬಸ್ಸಿನಲ್ಲಿ, ಇನ್ನೊಬ್ಬ ಕೇರಳದ ಕಡೆಯಿಂದ. ಟ್ರಂಕು ಕೆಳಗಿಡೋಕೆ ಮುಂಚೆಯೇ ಬೆನ್ನಿಗೆ ಗುದ್ದು ಬೀಳುತ್ತೆ. ಹೋದ ವರ್ಷ ಮದುವೆ ಗೊತ್ತಾಗಿದ್ದವನಿಗೆ ಈಗ ಮಗು. ತಲೆ ತುಂಬ ಕೂದಲಿದ್ದವನ ಹಣೆ ಈಗ ನೆತ್ತಿವರೆಗೆ. ಕನ್ನಡ, ತಮಿಳು, ಮಲಯಾಳ, ತೆಲುಗು ಎಲ್ಲ ಕಲೆಸಿದ ಮಾತು. ಬೈಗುಳ ಮಾತ್ರ ಎಲ್ಲರಿಗೂ ಅರ್ಥವಾಗುತ್ತೆ!

ಬೆಳಿಗ್ಗೆ ಪಿ.ಟಿ., ಡ್ರಿಲ್, ಫೈರಿಂಗ್. ಹನ್ನೊಂದು ತಿಂಗಳು ಗಲ್ಲಾದ ಮುಂದೆ ಕೂತ ಹೊಟ್ಟೆ ಎರಡೇ ದಿನಕ್ಕೆ ಬುದ್ಧಿ ಕಲಿಯುತ್ತೆ. ಇಲ್ಲಿ ಇನ್ನೊಂದು ವಿಚಿತ್ರವೂ ಉಂಟು. ಊರಿನಲ್ಲಿ ಗುಮಾಸ್ತನಾದವನು ಇಲ್ಲಿ ಹವಾಲ್ದಾರ್ ಆಗಿರಬಹುದು, ಊರಿನಲ್ಲಿ ನಾಲ್ಕು ಜನರನ್ನು ಕೆಲಸಕ್ಕಿಟ್ಟುಕೊಂಡ ಯಜಮಾನ ಅವನ ಕೈಕೆಳಗೆ ಸಿಪಾಯಿ. ಯಾರ ಅಂಗಡಿ ಎಷ್ಟು ದೊಡ್ಡದು ಅಂತ ಇಲ್ಲಿ ಕೇಳುವವರಿಲ್ಲ. ಇಂಥ ಕಡೆ ಆಗುವ ಸ್ನೇಹದಲ್ಲಿ ಲೇವಾದೇವಿ ಇರೋದಿಲ್ಲ. ಅದಕ್ಕೇ ಅದು ಬಾಳಿಕೆ ಬರುತ್ತೆ.

ಪಿಕ್ನಿಕ್ ಅಲ್ಲ ಸ್ವಾಮಿ

ಹಾಗಂತ ಇದನ್ನು ಹಳೇ ದೋಸ್ತರ ಜಾತ್ರೆ ಅಂದುಕೊಂಡರೆ ತಪ್ಪು. 1962, 1965, 1971ರ ಯುದ್ಧಗಳಲ್ಲಿ ಪ್ರಾದೇಶಿಕ ಸೇನೆಗೂ ಕರೆ ಬಂದಿತ್ತು. ಆಮೇಲೆ ಶ್ರೀಲಂಕಾ, ಕಾಶ್ಮೀರ, ಈಶಾನ್ಯ ರಾಜ್ಯಗಳಲ್ಲೂ ಇದರ ಘಟಕಗಳು ದುಡಿದಿವೆ. 2025ರ ಮೇ ತಿಂಗಳಲ್ಲಿ ಗಡಿ ಬಿಸಿಯಾದಾಗ, ಈ ಸೇನೆಯನ್ನು ಬೇಕಾದಂತೆ ಕರೆಸಿಕೊಳ್ಳುವ ಅಧಿಕಾರವನ್ನು ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇರುವ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ಸಜ್ಜುಮಾಡುವುದೂ ಆ ಆದೇಶದಲ್ಲಿತ್ತು.

ಅಂಥ ಹೊತ್ತಿನಲ್ಲಿ ಪಕ್ಕದ ಕಂದಕದಲ್ಲಿರುವವನು ಹೊಸಬನಾಗಿದ್ದರೆ ಕಷ್ಟ. ಯಾರು ಹೆದರಿದಾಗ ಮಾತು ಜಾಸ್ತಿ ಆಡುತ್ತಾನೆ, ಯಾರು ಸುಮ್ಮನಾಗುತ್ತಾನೆ, ಯಾರಿಗೆ ಕತ್ತಲಲ್ಲಿ ಕಣ್ಣು ಮಂದ, ಯಾರ ಮನೆಯಲ್ಲಿ ಕಾಯಿಲೆಯ ತಾಯಿ ಇದ್ದಾರೆ, ಇವನ್ನೆಲ್ಲ ಯಾವ ಪುಸ್ತಕವೂ ಹೇಳಿಕೊಡೋದಿಲ್ಲ. ವರ್ಷವರ್ಷ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದವರಿಗೆ ಗೊತ್ತಿರುತ್ತೆ. ಕ್ಯಾಂಪಿನ ಹರಟೆಗೂ ಬೆಲೆ ಇದೆ ಅನ್ನೋದು ಇದಕ್ಕೇ.

ಸಿಂಗಪುರದಲ್ಲಿ 1967ರಿಂದ ಇದು ಕಡ್ಡಾಯ. ಅಲ್ಲಿ ಕಾಯಂ ನಿವಾಸಿಗಳಾದ ಭಾರತೀಯರ ಗಂಡುಮಕ್ಕಳೂ ಎರಡು ವರ್ಷ ಪೂರ್ತಿ ಸೇವೆ ಮಾಡಬೇಕು. ಆಮೇಲೂ ಸಾಮಾನ್ಯವಾಗಿ 40 ವಯಸ್ಸಿನವರೆಗೆ ಕ್ಯಾಂಪಿಗೆ ಕರೆ ಬರುತ್ತಲೇ ಇರುತ್ತೆ. ಅಲ್ಲಿನ ಕನ್ನಡಿಗರ ಮನೆಗಳಿಗೂ ಈ ಲೆಕ್ಕ ಹೊಸದಲ್ಲ. ಅಲ್ಲಿ ಎಲ್ಲರೂ ಹೋಗಿಬಂದವರೇ ಆದ್ದರಿಂದ ಯಜಮಾನನಿಗೂ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಇಷ್ಟಪಟ್ಟು ಹೋಗುವವರು. ಅದಕ್ಕೇ ಪ್ರತಿ ವರ್ಷ ಅದೇ ಪ್ರಶ್ನೆ: "ಏನ್ರೀ, ಸೀಸನ್ ಟೈಮಲ್ಲೇ ಹೋಗ್ಬೇಕಾ?"

ಸಾಹುಕಾರರಿಗೆ ಎರಡು ಮಾತು

ಕಾನೂನಿನ ವಿಷಯ ತಿಳಿದಿರಲಿ. 1952ರಲ್ಲಿ ಕಾಯಿದೆಗೆ ತಿದ್ದುಪಡಿ ಆಗಿ ಒಂದು ರಕ್ಷಣೆ ಸೇರಿದೆ. ಈ ಸೇನೆಯ ಸೇವೆಗೆ ಕರೆ ಬಂದು ಹೋದ ನೌಕರ ವಾಪಸು ಬಂದಾಗ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕಾದದ್ದು ಯಜಮಾನನ ಕರ್ತವ್ಯ. ಮುಂಚೆ ಇದ್ದದ್ದಕ್ಕಿಂತ ಕಡಿಮೆ ಸೌಕರ್ಯ ಕೊಡುವಂತಿಲ್ಲ. ತಕರಾರು ಬಂದರೆ ಗೊತ್ತುಪಡಿಸಿದ ಅಧಿಕಾರಿ ಮುಂದೆ ಹೋಗುತ್ತೆ. ಸೇರಿಸಿಕೊಳ್ಳಲು ಆಗದಿದ್ದರೆ ಆರು ತಿಂಗಳ ಸಂಬಳದವರೆಗೆ ಕಟ್ಟಿಕೊಡಿ ಅಂತ ಅವರು ಹೇಳಬಹುದು. ಪ್ರಾವಿಡೆಂಟ್ ಫಂಡಿನ ಹಕ್ಕೂ ಉಳಿಯುತ್ತೆ.

ಆದರೆ ಸ್ವಂತ ಅಂಗಡಿಯವನ ಗತಿ? ಅವನಿಗೆ ಯಜಮಾನನೂ ಇಲ್ಲ, ರಜೆಯೂ ಇಲ್ಲ. ಅವನ ಶಟರ್ ಎತ್ತೋಕೆ, ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಬಿಡದೇ ಹಿಡಿದಿಟ್ಟುಕೊಳ್ಳೋಕೆ ಯಾವ ಕಲಮೂ ಬರೋದಿಲ್ಲ. ಬರಬೇಕಾದವರು ಹೆಂಡತಿ, ತಮ್ಮ, ಇಲ್ಲವೇ ಎದುರು ಅಂಗಡಿಯ ಸ್ನೇಹಿತ. ಗಡಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಕಾಯುತ್ತಾರೆ ಅಂತ ಹೊಗಳುವ ನಾವು, ಗಲ್ಲಿಯಲ್ಲಿ ಹದಿನಾಲ್ಕು ದಿನ ಒಂದು ಅಂಗಡಿ ಕಾಯೋಕೆ ಆಗೋದಿಲ್ಲವೇ?

ಬಿಸಿಲಿಗೆ ಕಪ್ಪಾಗಿ, ಎರಡು ಕಿಲೋ ಇಳಿದು, ಅವನು ಕ್ಯಾಂಪಿನಿಂದ ವಾಪಸು ಬಂದಾಗ "ಎಷ್ಟು ವ್ಯಾಪಾರ ಹೋಯ್ತು?" ಅಂತ ಕೇಳಬೇಡಿ. ಆ ಲೆಕ್ಕ ಅವನಿಗೆ ಗೊತ್ತು. ಒಂದು ಬೈಟೂ ಕಾಫಿ ಹೇಳಿ, "ಈ ಸಲ ಯಾರ್ಯಾರು ಸಿಕ್ಕಿದ್ರು?" ಅಂತ ಕೇಳಿ. ಯಾರು ಬಂದಿದ್ದರು ಅನ್ನೋದನ್ನು ನಗುನಗುತ್ತಾ ಹೇಳುತ್ತಾನೆ. ಯಾರು ಬರಲಿಲ್ಲ ಅನ್ನೋದನ್ನು ಹೇಳೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ. ಅಷ್ಟು ಹೊತ್ತು ಕೂತಿರಿ.