ನಿಮಗಿದು ಗೊತ್ತೇ? ಇಲ್ಲಿ ಕ್ಯಾಮೆರಾನೇ ದೆವ್ವ!

ಮಾದಾಪುರದ ಕನ್ನಡಿಗರೇ, ಇವತ್ತು ಸಂಜೆ ಆಫೀಸು ಬಿಟ್ಟು ಮೆಟ್ರೋ ಹತ್ತುವಾಗ ಇದು ನೆನಪಿರಲಿ. ನೀಲಿ ಮಾರ್ಗದಲ್ಲಿ ಕೆಲವೇ ನಿಲ್ದಾಣ ದಾಟಿದರೆ ಅಮೀರ್‌ಪೇಟೆ. ಇಡೀ ದೇಶವನ್ನು ಬೆಚ್ಚಿಬೀಳಿಸಿದ ಸಿನಿಮಾ ನಿರ್ದೇಶಕ ರಾಮ್ ಗೋಪಾಲ್ ವರ್ಮಾ ಒಂದು ಕಾಲಕ್ಕೆ ಅಲ್ಲೇ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದರು!

ಅವರು ಓದಿದ್ದೇನು ಗೊತ್ತೇ? ಸಿವಿಲ್ ಎಂಜಿನಿಯರಿಂಗ್! ಬಂಜಾರಾ ಹಿಲ್ಸ್‌ನ ಕೃಷ್ಣಾ ಒಬೆರಾಯ್ ಹೋಟೆಲ್ ಕಟ್ಟುವಾಗ ಅವರು ಅಲ್ಲಿ ಸೈಟ್ ಎಂಜಿನಿಯರ್. ಈಗ ಅದೇ ಹೋಟೆಲಿಗೆ ತಾಜ್ ಕೃಷ್ಣಾ ಅಂತ ಹೆಸರು.

1989. ವರ್ಮಾ ನಿರ್ದೇಶಿಸಿ, ನಾಗಾರ್ಜುನ ನಟಿಸಿದ ‘ಶಿವ’ ತೆರೆಗೆ ಬಂತು. ಸೈಕಲ್ ಚೈನ್ ಕಿತ್ತು ಹೊಡೆಯುವ ದೃಶ್ಯ ಎಲ್ಲರಿಗೂ ನೆನಪಿದೆ. ಆದರೆ ಆ ಚಿತ್ರದಲ್ಲಿ ಇನ್ನೊಬ್ಬ ಹೀರೋ ಇದ್ದ. ಅವನ ಹೆಸರು ಸ್ಟೆಡಿಕ್ಯಾಮ್! ಆಗ ತೆಲುಗು ಚಿತ್ರರಂಗದಲ್ಲಿ ಅದು ತೀರಾ ಅಪರೂಪದ ವಸ್ತು.

ಏನಿದು ಸ್ಟೆಡಿಕ್ಯಾಮ್? ಛಾಯಾಗ್ರಾಹಕ ಗಟ್ಟಿಯಾದ ಕವಚ ತೊಡುತ್ತಾನೆ. ಅದಕ್ಕೆ ಸ್ಪ್ರಿಂಗ್ ಇರುವ ತೋಳು. ತೋಳಿನ ತುದಿಯಲ್ಲಿ ಕ್ಯಾಮೆರಾ. ಅವನು ಓಡಿದರೂ ಚಿತ್ರ ಕುಲುಕುವುದಿಲ್ಲ. ಹಳಿ ಬೇಡ, ಟ್ರಾಲಿ ಬೇಡ. ಮೆಟ್ಟಿಲು ಹತ್ತಬಹುದು, ಮೂಲೆ ತಿರುಗಬಹುದು. ಕಾಲೇ ಇಲ್ಲದ ಯಾರೋ ತೇಲಿಕೊಂಡು ಬಂದ ಹಾಗೆ ಕಾಣುತ್ತದೆ. ಕಾಲಿಲ್ಲದೆ ತೇಲಿ ಬರುವವರು ಯಾರು ಹೇಳಿ? ಸರಿಯಾಗಿ ಊಹಿಸಿದಿರಿ!

ವರ್ಮಾ ಅದನ್ನೇ ಹಿಡಿದುಕೊಂಡರು. 1992ರಲ್ಲಿ ‘ರಾತ್ರಿ’ ಬಂತು. ಹಿಂದಿಯಲ್ಲಿ ‘ರಾತ್’. ರೇವತಿ ನಡೆಯುತ್ತಾರೆ, ಹಿಂದೆಯೇ ಕ್ಯಾಮೆರಾ ನಡೆಯುತ್ತದೆ. ನೀವು ಅವರನ್ನು ನೋಡುತ್ತಿಲ್ಲ, ನೀವೇ ಅವರನ್ನು ಬೆನ್ನಟ್ಟುತ್ತಿದ್ದೀರಿ! ದೆವ್ವದ ಮುಖ ತೋರಿಸುವ ಅಗತ್ಯವೇ ಬರಲಿಲ್ಲ. ಭಾರತದ ಹಾರರ್ ಚಿತ್ರಗಳಲ್ಲಿ ಇದಕ್ಕಿಂತ ಜಾಣ ಉಪಾಯ ನಾನು ಕಂಡಿಲ್ಲ.

ಅದೇ ಚಿತ್ರದಲ್ಲಿ ರೇವತಿ ಸಿನಿಮಾ ನೋಡಲು ಹೋಗುತ್ತಾರೆ. ತುಂಬಿದ ಥಿಯೇಟರ್ ಇದ್ದಕ್ಕಿದ್ದಂತೆ ಖಾಲಿ! ರಕ್ತವಿಲ್ಲ, ಕೋರೆಹಲ್ಲಿಲ್ಲ. ಬರೀ ಖಾಲಿ ಕುರ್ಚಿಗಳು. ಥಿಯೇಟರಿನಲ್ಲಿ ಕೂತು ಇದನ್ನು ನೋಡಿದವರ ಗತಿ ಊಹಿಸಿಕೊಳ್ಳಿ!

‘ರಾತ್ರಿ’ಗೆ ಕ್ಯಾಮೆರಾ ಹಿಡಿದವರು ತೇಜ. ಮುಂದೆ ಅವರೇ ನಿರ್ದೇಶಕರಾಗಿ ‘ಚಿತ್ರಂ’ ಎಂಬ ಕಾಲೇಜು ಪ್ರೇಮಕಥೆ ಮಾಡಿದರು. ಅದೇ 2001ರಲ್ಲಿ ಕನ್ನಡದ ‘ಚಿತ್ರ’ ಆಯಿತು. ದೆವ್ವದ ಬೆನ್ನು ಹತ್ತಿದ ಕಣ್ಣು ಪ್ರೇಮಿಗಳ ಕಡೆ ತಿರುಗಿತು!

ಕಥೆಗಿಂತ ನೋಟದಿಂದಲೇ ಹೆದರಿಸುವ ಈ ಕಲೆಗೆ ಇಟಲಿಯಲ್ಲಿ ಒಬ್ಬ ಹಿರಿಯರಿದ್ದರು. ಮಾರಿಯೋ ಬಾವಾ. ಚಿತ್ರಕಲೆ ಕಲಿತವರು, ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿದವರು. 1957ರ ‘ಇ ವಂಪೀರಿ’ ಚಿತ್ರದಲ್ಲಿ ಒಬ್ಬ ಸುಂದರಿ ನಮ್ಮ ಕಣ್ಣೆದುರೇ ಮುದುಕಿಯಾಗುತ್ತಾಳೆ. ಕಟ್ ಇಲ್ಲ, ಮುಖವಾಡವಿಲ್ಲ, ಕಂಪ್ಯೂಟರ್ ಅಂತೂ ಆಗ ಇಲ್ಲವೇ ಇಲ್ಲ! ಹೇಗೆ? ನಟಿಯ ಮುಖದ ಮೇಲೆ ಸುಕ್ಕುಗಳನ್ನು ಬಣ್ಣದಲ್ಲಿ ಬರೆದಿದ್ದರು. ಕೆಂಪು ಬಣ್ಣದ ಗೆರೆ ಕೆಂಪು ಬೆಳಕಿನಲ್ಲಿ ಮಾಯ. ಬೆಳಕನ್ನು ಮೆಲ್ಲಗೆ ಹಸಿರಿಗೆ ತಿರುಗಿಸಿದರೆ ಗೆರೆ ಕಪ್ಪಾಗಿ ಎದ್ದು ಬರುತ್ತದೆ. ಚಿತ್ರ ಕಪ್ಪು-ಬಿಳುಪಿನದು. ಬೆಳಕಿನ ಬಣ್ಣ ಬದಲಾದದ್ದು ನೋಡುವವರಿಗೆ ತಿಳಿಯುವುದೇ ಇಲ್ಲ!

1965ರಲ್ಲಿ ಬಾವಾ ಅನ್ಯಗ್ರಹದ ಕಥೆಯೊಂದನ್ನು ತೆಗೆದರು. ಕೈಯಲ್ಲಿ ಕಾಸಿಲ್ಲ. ಬೇರೆ ಸಿನಿಮಾದಲ್ಲಿ ಉಳಿದಿದ್ದ ಎರಡು ಪ್ಲಾಸ್ಟಿಕ್ ಬಂಡೆ ಸಿಕ್ಕವು. ಕನ್ನಡಿ ಇಟ್ಟು ಅವನ್ನೇ ಹತ್ತಾರು ಮಾಡಿದರು, ಬಣ್ಣದ ಬೆಳಕು ಹರಿಸಿದರು, ಹೊಗೆ ಬಿಟ್ಟರು. ಇಡೀ ಗ್ರಹ ತಯಾರು! ಇವತ್ತು ಮಾದಾಪುರದ ಕಂಪ್ಯೂಟರ್ ಮುಂದೆ ಕೂತವರು ಇದನ್ನು ಕೇಳಿ ಕಣ್ಣರಳಿಸದೆ ಇರಲಾರರು.

ಕನ್ನಡಿ ಅಂದಮೇಲೆ ನಮ್ಮ ಮೈಸೂರಿನವರನ್ನು ಬಿಡುವುದುಂಟೇ? 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕತ್ತಲ ಸ್ಟುಡಿಯೋದೊಳಗೆ ಬೆಳಕಿನ ಕಂಬವೊಂದು ಇಳಿಯುತ್ತದಲ್ಲ? ಛಾಯಾಗ್ರಾಹಕ ವಿ.ಕೆ. ಮೂರ್ತಿ ಅದನ್ನು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಮಾಡಿದ್ದು!

ಬಾವಾ ನಂತರ ಬಂದ ದಾರಿಯೋ ಅರ್ಜೆಂಟೊ ಇನ್ನೂ ವಿಚಿತ್ರ. 1977ರ ಅವರ ‘ಸಸ್ಪೀರಿಯಾ’ ಕೆಂಪು, ನೀಲಿ, ಹಸಿರಿನಲ್ಲಿ ಮುಳುಗೆದ್ದ ಚಿತ್ರ. ಬಣ್ಣಕ್ಕೆ ಮಾದರಿ ಯಾವುದು ಗೊತ್ತೇ? ಡಿಸ್ನಿಯ ಮಕ್ಕಳ ಚಿತ್ರ ‘ಸ್ನೋ ವೈಟ್’!

‘ಸಸ್ಪೀರಿಯಾ’ ಕಥೆಯನ್ನು ಅರ್ಜೆಂಟೊ ಮೊದಲು ಚಿಕ್ಕ ಹುಡುಗಿಯರನ್ನು ಇಟ್ಟುಕೊಂಡು ಯೋಚಿಸಿದ್ದರು. ಕೊನೆಗೆ ದೊಡ್ಡವರನ್ನು ಹಾಕಿದರು. ಆದರೆ ಬಾಗಿಲ ಹಿಡಿಗಳನ್ನು ಬಲು ಎತ್ತರದಲ್ಲಿ ಇಡಿಸಿದರು. ಬೆಳೆದ ಹೆಂಗಸರು ಕೈ ಎತ್ತಿ ಬಾಗಿಲು ತೆಗೆಯುವಾಗ ಮಕ್ಕಳ ಹಾಗೆ ಕಾಣುತ್ತಾರೆ! ಏನೋ ಸರಿಯಿಲ್ಲ ಅಂತ ಮನಸ್ಸಿಗೆ ಅನಿಸುತ್ತದೆ, ಏನು ಅಂತ ಹೊಳೆಯುವುದಿಲ್ಲ.

ಇನ್ನೊಂದು. ಅವರ ಚಿತ್ರಗಳಲ್ಲಿ ಕೈಗವಸು ತೊಟ್ಟ ಕೊಲೆಗಾರನ ಕೈ ಹತ್ತಿರದಿಂದ ಕಾಣುತ್ತದಲ್ಲ? ಬಹಳ ಸಲ ಅದು ಅರ್ಜೆಂಟೊ ಅವರದೇ ಕೈ!

ಸರಿ, ವರ್ಮಾ ಕಡೆ ಬರೋಣ. 1999ರ ‘ಕೌನ್’. ಒಂದು ಮನೆ, ಹೊರಗೆ ಮಳೆ, ಮೂವರು ನಟರು. ಹಾಡೇ ಇಲ್ಲ! ನಾಯಕಿಯ ಹೆಸರೂ ನಮಗೆ ತಿಳಿಯುವುದಿಲ್ಲ. ಹಿನ್ನೆಲೆ ಸಂಗೀತ ಸಂದೀಪ್ ಚೌಟ ಅವರದು. ಅವರ ತಂದೆ ಯಾರು ಗೊತ್ತೇ? ಕಾಸರಗೋಡಿನ ಮೀಯಪದವಿನವರು, ತುಳು ಕಾದಂಬರಿ ‘ಮಿತ್ತಬೈಲ್ ಯಮುನಕ್ಕೆ’ ಬರೆದ ಡಿ.ಕೆ. ಚೌಟ!

ಹಳೆಯ ಹಾರರ್ ಅಂದರೆ ಪಾಳು ಬಂಗಲೆ, ಮಂಜು, ಕಿರ್ರೆನ್ನುವ ಬಾಗಿಲು. 2003ರ ‘ಭೂತ್’ನಲ್ಲಿ ವರ್ಮಾ ಅವನ್ನೆಲ್ಲ ಗುಡಿಸಿ ಹಾಕಿದರು. ಅಲ್ಲಿ ಇರುವುದು ಮುಂಬೈಯ ಎತ್ತರದ ಅಪಾರ್ಟ್‌ಮೆಂಟ್, ಲಿಫ್ಟು, ವಾಚ್‌ಮನ್. ನೀವು ದಿನಾ ಹತ್ತಿಳಿಯುವಂಥ ಲಿಫ್ಟೇ!

2014ರ ತೆಲುಗಿನ ‘ಐಸ್ ಕ್ರೀಮ್’ಗೆ ಅವರು ಸ್ಟೆಡಿಕ್ಯಾಮ್ ಬಿಟ್ಟು ಫ್ಲೋಕ್ಯಾಮ್ ಎಂಬ ಇನ್ನೊಂದು ಸಾಧನ ಹಿಡಿದರು. ಅಷ್ಟು ವರ್ಷವಾದರೂ ಮನೆಯೊಳಗೆ ತೇಲಾಡುವ ಹುಚ್ಚು ಹೋಗಿರಲಿಲ್ಲ!

ಈಗ ನಮ್ಮವರ ಸುದ್ದಿ. ಕಿಚ್ಚ ಸುದೀಪ್ ಹಿಂದಿಗೆ ಕಾಲಿಟ್ಟದ್ದು ಯಾವ ಚಿತ್ರದಿಂದ? ವರ್ಮಾ ಅವರ ‘ಫೂಂಕ್’ನಿಂದ, 2008ರಲ್ಲಿ! ದೇವರನ್ನೂ ನಂಬದ, ದೆವ್ವವನ್ನೂ ನಂಬದ ಕಟ್ಟಡ ಗುತ್ತಿಗೆದಾರನ ಪಾತ್ರ. ಅವನ ಪುಟ್ಟ ಮಗಳ ಮೇಲೆ ಮಾಟ. ಹೆದರಿಸುವ ಕೆಲಸ ಯಾರಿಗೆ ಗೊತ್ತೇ? ಒಂದು ಕಾಗೆಗೆ, ಮನೆಯಲ್ಲಿಟ್ಟ ಗೊಂಬೆಗಳಿಗೆ! ಕ್ಯಾಮೆರಾ ಅವುಗಳ ಮೇಲೆ ಸುಮ್ಮನೆ ನಿಂತುಬಿಡುತ್ತದೆ.

‘ಫೂಂಕ್’ ಬಿಡುಗಡೆಯ ಹೊತ್ತಿಗೆ ವರ್ಮಾ ಒಂದು ಸವಾಲನ್ನೂ ಹಾಕಿದ್ದರು. ಖಾಲಿ ಥಿಯೇಟರಿನಲ್ಲಿ ಒಬ್ಬರೇ ಕೂತು ಚಿತ್ರವನ್ನು ಪೂರ್ತಿ ನೋಡಿದವರಿಗೆ 5 ಲಕ್ಷ ರೂಪಾಯಿ ಬಹುಮಾನ! ನೀವಾಗಿದ್ದರೆ ಹೋಗುತ್ತಿದ್ದಿರಾ?