ತರಗತಿಯೇ ಪ್ರಯೋಗಶಾಲೆ, ಶಿಕ್ಷಕರೇ ಸಂಶೋಧಕರು

ಒತ್ತಕ್ಷರ ಬಂದ ಕೂಡಲೇ ಮಗು ಓದು ನಿಲ್ಲಿಸುತ್ತದೆ. ಏಕೆ? ರಾಯಚೂರು ಜಿಲ್ಲೆಯ ಸಿಂಧನೂರಿನ ಕಾಲುವೆ ಬದಿಯ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು ಇಲ್ಲವೇ ಬಂಗಾಳಿ. ಲಿಂಗಸುಗೂರಿನ ತಾಂಡಾಗಳಲ್ಲಿ ಲಂಬಾಣಿ. ಮಸ್ಕಿ ಕಡೆಯ ಒಣಬೇಸಾಯದ ಹಳ್ಳಿಗಳಲ್ಲಿ ಅಪ್ಪ-ಅಮ್ಮನ ಜೊತೆ ಗುಳೆ ಹೋಗುವ ಮಕ್ಕಳಿಗೆ ಪಾಠವೇ ತಪ್ಪಿರುತ್ತದೆ. ತೊಡಕು ಒಂದೇ, ಕಾರಣ ಬೇರೆ ಬೇರೆ. ಅದನ್ನು ಆಯಾ ತರಗತಿಯ ಶಿಕ್ಷಕರೇ ಹುಡುಕಬೇಕು. ಆ ಹುಡುಕಾಟಕ್ಕೆ ಕ್ರಿಯಾ ಸಂಶೋಧನೆ ಎಂದು ಹೆಸರು.

ಇದರ ಬೇರು ಅಮೆರಿಕದಲ್ಲಿದೆ. 1946ರಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್, ಯೋಜಿಸಿ, ಮಾಡಿ, ಫಲ ನೋಡಿ ಮತ್ತೆ ಯೋಜಿಸುವ ಕ್ರಮವನ್ನು ಮುಂದಿಟ್ಟರು. 1953ರಲ್ಲಿ ಸ್ಟೀಫನ್ ಕೋರಿ ಅದನ್ನು ಶಾಲೆಗೆ ತಂದರು. ಶಿಕ್ಷಕರೇ ಸಂಶೋಧಕರಾಗಬೇಕೆಂದು 1975ರಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ವಾದಿಸಿದರು.

ನಮ್ಮಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಹುಟ್ಟಿದವು. ತರಬೇತಿಯೊಂದಿಗೆ ಕ್ರಿಯಾ ಸಂಶೋಧನೆಯೂ ಅವುಗಳ ಹೊಣೆಯಾಯಿತು. ರಾಯಚೂರು ಜಿಲ್ಲೆಯ ಡಯಟ್ ಯರಮರಸಿನಲ್ಲಿದೆ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ (ಡಿಪಿಇಪಿ) ಬಂದಾಗ ರಾಜ್ಯದ ಮೊದಲ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕ್ಲಸ್ಟರ್ ಕೇಂದ್ರ, ಅದರ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಸಮಾಲೋಚನಾ ಸಭೆ ಎಂಬ ವ್ಯವಸ್ಥೆ ಆ ಯೋಜನೆಯಿಂದ ಬೇರೂರಿತು. ಸುತ್ತಲಿನ ಶಾಲೆಗಳ ಶಿಕ್ಷಕರು ಒಂದೆಡೆ ಕೂತು ಮಾತಾಡಲು ಜಾಗ ಸಿಕ್ಕಿತು.

ಹಂಚಿಕೊಂಡ ಅನುಭವದ ಬಲವನ್ನು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತೋರಿಸಿದೆ. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕಲಿಕೆಯ ವಿಧಾನ ನೋಡಿಬಂದು, ತಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ತಾವೇ ರೂಪಿಸಿದರು. ಅದೇ ನಲಿ-ಕಲಿ ಎಂಬ ಕಲಿಕಾ ವಿಧಾನವಾಗಿ ರಾಜ್ಯದ ತುಂಬ ಹರಡಿತು.

ಕೆಲಸದ ಬಗೆ ಸರಳ. ಮೊದಲು ಒಂದೇ ತೊಡಕನ್ನು ಆರಿಸಬೇಕು. ಯಾವ ಮಗು ಯಾವ ಅಕ್ಷರದಲ್ಲಿ ನಿಲ್ಲುತ್ತದೆಂದು ಬರೆದಿಡಬೇಕು. ಮನೆಮಾತಿನ ಪದಗಳಿಂದ ಓದು ಆರಂಭಿಸಿಯೋ, ಗುಳೆಯಿಂದ ಮರಳಿದವರಿಗೆ ಜೊತೆಗಾರರನ್ನು ಕೊಟ್ಟೋ ಕೆಲವು ವಾರ ಕಲಿಸಿ, ಅದೇ ಪಟ್ಟಿಯನ್ನು ಮತ್ತೆ ನೋಡಬೇಕು. ಬದಲಾಗದಿದ್ದರೆ ಉಪಾಯ ಬದಲಿಸಬೇಕು.

ಬಿ.ಇಡಿ.ಯಲ್ಲಿ ಅಂಕಕ್ಕಾಗಿ, ಸೇವೆಯಲ್ಲಿ ಕಡತಕ್ಕಾಗಿ ಬರೆದರೆ ಇದು ಅಲ್ಲೇ ಸಾಯುತ್ತದೆ. ಗೆದ್ದ ಉಪಾಯದಷ್ಟೇ ಸೋತ ಉಪಾಯವೂ ಪಕ್ಕದೂರಿನ ಶಿಕ್ಷಕಿಗೆ ಬೇಕು. ಅದರಿಂದ ಅವರ ಒಂದು ತಿಂಗಳು ಉಳಿಯುತ್ತದೆ. ಹಾಗಾಗಿ ಸಮಾಲೋಚನಾ ಸಭೆಯ ಮೊದಲ ಹೊತ್ತು ಸುತ್ತೋಲೆ ಓದುವುದಕ್ಕಲ್ಲ, ಶಿಕ್ಷಕರ ಇಂಥ ಟಿಪ್ಪಣಿಗಳಿಗೆ ಸಲ್ಲಬೇಕು.